ಒಂದು ಕೋಟಿಯ ಬೈಕು, ಮೂರು ಸೆಕೆಂಡಿನ ಲೆಕ್ಕ

ಇವತ್ತು ರಾಜಕೀಯ ಇಲ್ಲ. ವಾರ ಪೂರ್ತಿ ನೀವು ಅದನ್ನೇ ನೋಡಿದ್ದೀರಿ, ನಾನೂ ಅದನ್ನೇ ಓದಿದ್ದೀನಿ, ಇಬ್ಬರಿಗೂ ಸಾಕಾಗಿದೆ. ಇವತ್ತು ಬೈಕಿನ ವಿಷಯ. ದಿನಾ ಆಫೀಸಿಗೆ ಓಡಿಸುವ ಬೈಕಲ್ಲ. ಭಾನುವಾರ ಬೆಳಗ್ಗೆ ಐದೂವರೆಗೆ ಏರ್‌ಪೋರ್ಟ್ ರಸ್ತೆಯಲ್ಲಿ ಮಲಗಿದವರನ್ನೆಲ್ಲ ಎಬ್ಬಿಸಿಕೊಂಡು ನಂದಿ ಬೆಟ್ಟದ ಕಡೆ ಗುಂಪಾಗಿ ಹೋಗ್ತಾವಲ್ಲ, ಆ ಬೈಕುಗಳು.

ಮೊದಲು ಒಂದು ಲೆಕ್ಕ ಕೇಳಿ. 2015ರಲ್ಲಿ ಹೋಂಡಾ ಕಂಪನಿ ಒಂದು ಬೈಕನ್ನು ಮಾರಾಟಕ್ಕೆ ಬಿಟ್ಟಿತು. ಹೆಸರು ಆರ್‌ಸಿ213ವಿ-ಎಸ್. ಅದಕ್ಕೂ ಹಿಂದಿನ ಎರಡು ವರ್ಷ ಮಾರ್ಕ್ ಮಾರ್ಕೆಜ್ ಮೋಟೋಜಿಪಿ ವಿಶ್ವ ಚಾಂಪಿಯನ್ ಆಗಿದ್ದು ಆರ್‌ಸಿ213ವಿ ಎಂಬ ರೇಸ್ ಬೈಕಿನ ಮೇಲೆ. ಅದಕ್ಕೇ ಹೆಡ್‌ಲೈಟು, ಕನ್ನಡಿ, ನಂಬರ್ ಪ್ಲೇಟು ಹಾಕಿ ರಸ್ತೆಗೆ ಇಳಿಸಿದಂತಿದ್ದ ಬೈಕು ಇದು. ಕುಮಾಮೊಟೊ ಕಾರ್ಖಾನೆಯಲ್ಲಿ ಕೈಯಿಂದ ಜೋಡಿಸಿ, ದಿನಕ್ಕೆ ಒಂದರಂತೆ ಹೊರಗೆ ಬಿಡುತ್ತಿದ್ದರು. ಅಮೆರಿಕದಲ್ಲಿ ಬೆಲೆ 1,84,000 ಡಾಲರ್. ಆಗಿನ ರೇಟಿನಲ್ಲಿ ನಮ್ಮ ದುಡ್ಡಿನ ಲೆಕ್ಕಕ್ಕೆ 1 ಕೋಟಿ 17 ಲಕ್ಷದಷ್ಟು. ಇದಕ್ಕೆ ಎಷ್ಟು ಹಾರ್ಸ್ ಪವರ್ ಇತ್ತು ಗೊತ್ತಾ? ಯುರೋಪಿನಲ್ಲಿ ಮಾರಿದ ಬೈಕಿಗೆ 159. ಅಮೆರಿಕದಲ್ಲಿ ಮಾರಿದ ಬೈಕಿಗೆ, ಅಲ್ಲಿನ ಶಬ್ದ ಮತ್ತು ಹೊಗೆಯ ನಿಯಮಕ್ಕೆ ಹೊಂದಿಸಿದ ಮೇಲೆ, ಬರೀ 101.

ಅದೇ ಹೋಂಡಾ ಕಂಪನಿಯ 600 ಸಿಸಿ ಬೈಕು, ಕಾಲೇಜು ಹುಡುಗರು ಓಡಿಸುವ ಸಿಬಿಆರ್600ಆರ್‌ಆರ್, ಅದಕ್ಕಿಂತ ಹೆಚ್ಚು ಶಕ್ತಿ ಕೊಡುತ್ತಿತ್ತು. ಬೆಲೆ ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ. ಆದರೂ ಒಂದು ಕೋಟಿಯ ಬೈಕನ್ನು ಜನ ಕೊಂಡರು.

ಹಾಗಾದ್ರೆ ಆ ದುಡ್ಡು ಹೋಗಿದ್ದು ಯಾವುದಕ್ಕೆ? ಬೆಲೆ ಏರಿದ ಹಾಗೆ ಬೈಕಿನ ತಾಕತ್ತೂ ಏರುತ್ತಾ? ಇವತ್ತಿನ ಪ್ರಶ್ನೆ ಇದು. ನಾನು ಓದಿದ್ದು ಇಂಜಿನಿಯರಿಂಗ್, ಕೆಲಸ ಮಾಡ್ತಿರೋದು ಕ್ಯಾಮೆರಾ ಮುಂದೆ. ಓದಿದ್ದು ಯಾವಾಗಲಾದ್ರೂ ಉಪಯೋಗಕ್ಕೆ ಬಂತಾ ಅಂತ ಮನೇಲಿ ಕೇಳ್ತಾನೇ ಇರ್ತಾರೆ. ಇವತ್ತು ಸ್ವಲ್ಪ ಬರುತ್ತೆ.

ಎರಡು ಬೈಕು ತಗೊಳ್ಳೋಣ, ಎರಡೂ ಕವಾಸಕಿ. ಒಂದು ನಿಂಜಾ ಝಡ್‌ಎಕ್ಸ್-10ಆರ್. 2021ರಲ್ಲಿ ಇಲ್ಲಿ ಬಂದಾಗ ಎಕ್ಸ್-ಶೋರೂಂ ಬೆಲೆ 14.99 ಲಕ್ಷ, ಶಕ್ತಿ 203 ಹಾರ್ಸ್ ಪವರ್. ಇನ್ನೊಂದು ನಿಂಜಾ ಎಚ್2ಆರ್. ಅದೇ 998 ಸಿಸಿ, ಆದರೆ ಸೂಪರ್‌ಚಾರ್ಜರ್ ಇದೆ, ಶಕ್ತಿ 310. ಇಲ್ಲಿನ ಬೆಲೆ ಆಗ ಸುಮಾರು 80 ಲಕ್ಷ. ಐದು ಪಟ್ಟಿಗಿಂತ ಹೆಚ್ಚು ದುಡ್ಡು, ಒಂದೂವರೆ ಪಟ್ಟು ಶಕ್ತಿ. ಈಗ ಎರಡನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ. ಗಂಟೆಗೆ 100 ಕಿಲೋಮೀಟರ್ ವೇಗವನ್ನು ಯಾವುದು ಮೊದಲು ಮುಟ್ಟುತ್ತೆ?

ಹೆಚ್ಚುಕಡಿಮೆ ಎರಡೂ ಒಟ್ಟಿಗೆ. ಮೂರು ಸೆಕೆಂಡಿನ ಆಸುಪಾಸು.

ಯಾಕೆ ಅಂತ ಹೇಳ್ತೀನಿ. ಎತ್ತಿನ ಗಾಡಿ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಹಿಂದೆ ಭಾರ ಹೆಚ್ಚಾದ್ರೆ ಮುಂದಿನ ಮೂಕಿ ಮೇಲೇಳುತ್ತಲ್ಲ, ಹಾಗೆ. ಇಂಜಿನ್ನು ಹಿಂದಿನ ಚಕ್ರದ ಮೂಲಕ ನೆಲವನ್ನು ಒದ್ದಷ್ಟೂ ಬೈಕಿನ ಮೂತಿ ಮೇಲಕ್ಕೆ ಏಳೋಕೆ ನೋಡುತ್ತೆ. ಒಂದು ಮಿತಿ ದಾಟಿದ್ರೆ ಮುಂದಿನ ಚಕ್ರ ಗಾಳಿಯಲ್ಲಿ, ಇನ್ನೂ ದಾಟಿದ್ರೆ ಸವಾರ ನೆಲದಲ್ಲಿ. ಆ ಮಿತಿಯನ್ನು ಇಂಜಿನ್ ತೀರ್ಮಾನ ಮಾಡಲ್ಲ. ಬೈಕು ಮತ್ತು ಸವಾರನ ಒಟ್ಟು ಭಾರದ ಕೇಂದ್ರ ನೆಲದಿಂದ ಎಷ್ಟು ಎತ್ತರ ಇದೆ, ಹಿಂದಿನ ಚಕ್ರದಿಂದ ಎಷ್ಟು ಮುಂದೆ ಇದೆ ಅನ್ನೋದು ತೀರ್ಮಾನ ಮಾಡುತ್ತೆ. ಸ್ಪೋರ್ಟ್ ಬೈಕುಗಳಲ್ಲಿ ಈ ಎರಡು ಅಳತೆ ಹತ್ತತ್ರ ಸಮ. ಅಂದ್ರೆ ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರಿಗಿಂತ ತುಂಬಾ ಜಾಸ್ತಿ ವೇಗ ಏರಿಸೋಕೆ ಆಗಲ್ಲ. ಆ ಲೆಕ್ಕದಲ್ಲಿ ನಿಂತಲ್ಲಿಂದ 100 ಕಿ.ಮೀ. ಮುಟ್ಟೋಕೆ 2.8 ಸೆಕೆಂಡ್ ಬೇಕು. ನಾನು ಹೇಳಿದ ಈ ಎರಡು ಕವಾಸಕಿಗಳ ಚಕ್ರದಿಂದ ಚಕ್ರಕ್ಕೆ ಇರುವ ಅಂತರವೂ ಹೆಚ್ಚುಕಡಿಮೆ ಒಂದೇ, 1,450 ಮಿಲಿಮೀಟರ್ ಆಸುಪಾಸು. ಹದಿನೈದು ಲಕ್ಷ ಕೊಟ್ಟವನಿಗೂ ಎಂಬತ್ತು ಲಕ್ಷ ಕೊಟ್ಟವನಿಗೂ ಭೂಮಿ ಒಂದೇ ದರದಲ್ಲಿ ಎಳೆಯುತ್ತೆ.

ಅದಕ್ಕೇ ಈ ಬೈಕುಗಳಲ್ಲಿ ಆಂಟಿ-ವೀಲಿ, ಲಾಂಚ್ ಕಂಟ್ರೋಲ್ ಅಂತ ಎಲೆಕ್ಟ್ರಾನಿಕ್ ವ್ಯವಸ್ಥೆ ಇರುತ್ತೆ. ದುಡ್ಡು ಕೊಟ್ಟು ತಂದ ಶಕ್ತಿಯನ್ನು ಪೂರ್ತಿ ಹೊರಗೆ ಬಿಡದೆ ತಡೆಯೋಕೆ ಮತ್ತೊಂದಿಷ್ಟು ದುಡ್ಡು.

ಸರಿ, ನೂರರಲ್ಲಿ ಸಮ. ಅದರ ಮೇಲೆ? ಅಲ್ಲಿ ಶಕ್ತಿಗೆ ಕೆಲಸ ಇದೆ, ಒಪ್ಪಬೇಕು. ಆದರೆ ಅಲ್ಲಿ ಇನ್ನೊಬ್ಬ ಸಾಲಗಾರ ಕಾಯ್ತಾ ನಿಂತಿದ್ದಾನೆ: ಗಾಳಿ. ವೇಗ ಎರಡು ಪಟ್ಟಾದ್ರೆ ಗಾಳಿಯನ್ನು ಸೀಳೋಕೆ ಬೇಕಾದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟೂ ಅಲ್ಲ, ಎಂಟು ಪಟ್ಟು. ನಮ್ಮ ಮೈಸೂರಿನಲ್ಲೇ ತಯಾರಾಗ್ತಿದ್ದ ಯೆಜ್ಡಿ ರೋಡ್‌ಕಿಂಗ್ ಬೈಕಿಗೆ ಇದ್ದಿದ್ದು 16 ಹಾರ್ಸ್ ಪವರ್. ನಮ್ಮ ಚಿಕ್ಕಪ್ಪಂದಿರ ಕಾಲದ ಗಾಡಿ. ಅದು ನೂರು ದಾಟಿ ನೂರಿಪ್ಪತ್ತರ ಹತ್ತಿರ ಹೋಗ್ತಿತ್ತು. ಇವತ್ತಿನ ಸೂಪರ್‌ಬೈಕಿಗೆ ಅದರ ಹದಿಮೂರು ಪಟ್ಟು ಶಕ್ತಿ. ವೇಗ? 300. ಅಂದ್ರೆ ಎರಡೂವರೆ ಪಟ್ಟು, ಅಷ್ಟೇ. ಅದೂ ಬೈಕಿನ ಮೈಯನ್ನು ಗಾಳಿಗೆ ಒಗ್ಗುವ ಹಾಗೆ ತಿದ್ದಿ, ಸವಾರ ಟ್ಯಾಂಕಿನ ಮೇಲೆ ಮಲಗಿದ ಮೇಲೆ.

ಈ 300 ಅನ್ನೋ ಅಂಕಿಯ ಹಿಂದೆ ಒಂದು ಕಥೆ ಇದೆ. 1999ರಲ್ಲಿ ಸುಜುಕಿ ಹಯಬೂಸ ಬಂತು. 1298 ಸಿಸಿ. ಹಯಬೂಸ ಅಂದ್ರೆ ಜಪಾನಿ ಭಾಷೆಯಲ್ಲಿ ಒಂದು ಜಾತಿಯ ಗಿಡುಗ. ಆಗ ಹೋಂಡಾದ ಸೂಪರ್ ಬ್ಲ್ಯಾಕ್‌ಬರ್ಡ್ ಅತಿ ವೇಗದ ಬೈಕು ಅನ್ನಿಸಿಕೊಂಡಿತ್ತು. ಅದು ಹಕ್ಕಿ, ಇದು ಹಕ್ಕಿಯನ್ನು ಹಿಡಿದು ತಿನ್ನುವ ಗಿಡುಗ. ಕಂಪನಿಗಳ ಜಗಳ ಈ ಮಟ್ಟಕ್ಕೆ ಇತ್ತು. ಹಯಬೂಸ 310ರ ಗಡಿ ದಾಟಿತು. ಹೀಗೇ ಬಿಟ್ರೆ ಯುರೋಪಿನ ಸರ್ಕಾರಗಳು ಇಂಥ ಬೈಕನ್ನೇ ನಿಷೇಧ ಮಾಡಿಬಿಡ್ತಾವೆ ಅಂತ ಹೆದರಿ, ಕಂಪನಿಗಳು ತಾವು ತಾವೇ ಮಾತಾಡಿಕೊಂಡು 300ಕ್ಕೆ ಬೇಲಿ ಹಾಕಿಕೊಂಡವು. ಜಪಾನಿನ ದೊಡ್ಡ ಬೈಕುಗಳು ಇವತ್ತಿಗೂ 299 ತೋರಿಸಿ ನಿಲ್ಲೋದು ಅದಕ್ಕೇ. ಶಕ್ತಿ ಸಾಲದೆ ಅಲ್ಲ.

ಎಚ್2ಆರ್‌ಗೆ ಆ ಬೇಲಿ ಇಲ್ಲ, ಯಾಕಂದ್ರೆ ಅದು ರಸ್ತೆಯ ಬೈಕೇ ಅಲ್ಲ. ಹೆಡ್‌ಲೈಟ್ ಇಲ್ಲ, ಇಂಡಿಕೇಟರ್ ಇಲ್ಲ, ಅದನ್ನು ರಿಜಿಸ್ಟರ್ ಮಾಡಿಸೋಕೆ ಆಗಲ್ಲ. 2016ರ ಜೂನ್ 30ರಂದು ಟರ್ಕಿಯಲ್ಲಿ, ಆಗಷ್ಟೇ ಮುಗಿದಿದ್ದ ಉಸ್ಮಾನ್ ಗಾಜಿ ಸೇತುವೆಯ ಮೇಲೆ, ಸೂಪರ್‌ಸ್ಪೋರ್ಟ್ ವಿಶ್ವ ಚಾಂಪಿಯನ್ ಕೆನಾನ್ ಸೊಫುವೊಗ್ಲು ಇದನ್ನು 26 ಸೆಕೆಂಡಿನಲ್ಲಿ 400 ಕಿ.ಮೀ. ವೇಗಕ್ಕೆ ಒಯ್ದ. ಕವಾಸಕಿಗೆ ವಿಮಾನದ ವಿಭಾಗ ಇದೆ, ಗ್ಯಾಸ್ ಟರ್ಬೈನ್ ವಿಭಾಗ ಇದೆ. ಸೂಪರ್‌ಚಾರ್ಜರ್ ಒಳಗೆ ತಿರುಗುವ ಚಕ್ರವನ್ನು ಅವರ ನೆರವಿನಿಂದ ಒಂದೇ ಅಲ್ಯೂಮಿನಿಯಂ ಗಟ್ಟಿಯಿಂದ ಕಡೆದಿದ್ದಾರೆ. ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತೆ. ನನಗೆ ಕೇಳಿದ್ರೆ, ದುಬಾರಿ ಬೈಕುಗಳಲ್ಲಿ ಕೊಟ್ಟ ದುಡ್ಡಿಗೆ ನಿಜವಾಗಿ ವೇಗ ಸಿಗೋದು ಇದೊಂದರಲ್ಲೇ. ಅದನ್ನು ಓಡಿಸೋಕೆ ಸೇತುವೆ ಖಾಲಿ ಮಾಡಿಸಬೇಕು, ಅದು ಬೇರೆ ವಿಷಯ.

ಉಳಿದವರು ದುಡ್ಡು ತಗೊಂಡು ಏನು ಕೊಡ್ತಾರೆ? ಇಟಲಿಗೆ ಹೋಗೋಣ. ಡುಕಾಟಿ ಕಂಪನಿ 2020ರಲ್ಲಿ ಸೂಪರ್‌ಲೆಜೆರಾ ವಿ4 ಅಂತ 500 ಬೈಕು ಮಾತ್ರ ಮಾಡಿತು. ಹೆಸರಿನ ಅರ್ಥವೇ ಅತಿ ಹಗುರ. ಚೌಕಟ್ಟು, ಹಿಂದಿನ ತೋಳು, ಚಕ್ರ, ಎಲ್ಲ ಕಾರ್ಬನ್ ಫೈಬರ್. ಬೆಲೆ 1 ಲಕ್ಷ ಡಾಲರ್. ಶಕ್ತಿ 224 ಹಾರ್ಸ್ ಪವರ್, ತೂಕ 159 ಕೆ.ಜಿ. ಅದೇ ವರ್ಷ ಅದೇ ಅಂಗಡಿಯಲ್ಲಿ ಪನಿಗಾಲೆ ವಿ4 ಎಸ್ ಸಿಗ್ತಿತ್ತು. 214 ಹಾರ್ಸ್ ಪವರ್, 174 ಕೆ.ಜಿ., ಬೆಲೆ ಸುಮಾರು 28 ಸಾವಿರ ಡಾಲರ್. ಹದಿನೈದು ಕೆ.ಜಿ. ಮತ್ತು ಹತ್ತು ಹಾರ್ಸ್ ಪವರ್ ವ್ಯತ್ಯಾಸಕ್ಕೆ 72 ಸಾವಿರ ಡಾಲರ್. ಹತ್ತು ಹಾರ್ಸ್ ಪವರನ್ನು ಕೊಸರು ಅಂತ ಬಿಟ್ಟು, ಬರೀ ತೂಕಕ್ಕೆ ಭಾಗಿಸಿ ನೋಡಿ: ಒಂದು ಕೆ.ಜಿ. ಇಳಿಸೋಕೆ 4,800 ಡಾಲರ್. ಆಗಿನ ರೇಟಿಗೆ ಮೂರೂವರೆ ಲಕ್ಷ ರೂಪಾಯಿ. ಬೆಳ್ಳಿ ಕೂಡ ಇಷ್ಟು ತುಟ್ಟಿ ಇರಲಿಲ್ಲ. ಅದೇ ಹದಿನೈದು ಕೆ.ಜಿ.ಯನ್ನು ಸವಾರ ತನ್ನ ಹೊಟ್ಟೆಯಿಂದ ಇಳಿಸಿದ್ರೆ ಖರ್ಚೇ ಇಲ್ಲ ಅಂತ ಯಾರಾದ್ರೂ ಹೇಳಬಹುದು. ಅದು ಪೂರ್ತಿ ನಿಜ ಅಲ್ಲ. ತಿರುಗುವ ಚಕ್ರದಲ್ಲಿ ಇಳಿದ ಒಂದು ಕೆ.ಜಿ. ಹೊಟ್ಟೆಯಲ್ಲಿ ಇಳಿದ ಒಂದು ಕೆ.ಜಿ.ಗಿಂತ ಹೆಚ್ಚು ಕೆಲಸ ಮಾಡುತ್ತೆ. ಬೈಕು ತಿರುವಿನಲ್ಲಿ ಸಲೀಸಾಗಿ ಬಾಗುತ್ತೆ, ಸಸ್ಪೆನ್ಷನ್‌ಗೆ ಕೆಲಸ ಹಗುರ ಆಗುತ್ತೆ. ಆದರೆ ಆ ವ್ಯತ್ಯಾಸ ಕೈಗೆ ಗೊತ್ತಾಗುವಷ್ಟು ಚೆನ್ನಾಗಿ ಓಡಿಸುವವರು ಊರಿಗೆ ಎಷ್ಟು ಜನ ಇದ್ದಾರೆ?

ಡುಕಾಟಿಯದೇ ಇನ್ನೊಂದು ಬೈಕು, ಪನಿಗಾಲೆ ವಿ4 ಆರ್. ಇದರ ಕಥೆ ತಮಾಷೆಯಾಗಿದೆ. ಮಾಮೂಲಿ ಪನಿಗಾಲೆ ಇಂಜಿನ್ 1103 ಸಿಸಿ. ಹೆಚ್ಚು ಬೆಲೆಯ ಈ ಆರ್ ಮಾದರಿ 998 ಸಿಸಿ. ದುಡ್ಡು ಜಾಸ್ತಿ ಕೊಟ್ಟು ಚಿಕ್ಕ ಇಂಜಿನ್ ತಗೊಳ್ಳೋದು! ಯಾಕಂದ್ರೆ ಸೂಪರ್‌ಬೈಕ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ನಾಲ್ಕು ಸಿಲಿಂಡರ್ ಬೈಕಿಗೆ 1000 ಸಿಸಿ ಮಿತಿ. ಅಲ್ಲಿ ಓಡುವ ಬೈಕು ಅಂಗಡಿಯಲ್ಲೂ ಸಿಗಬೇಕು, ಬೆಲೆ 40 ಸಾವಿರ ಯೂರೋ ದಾಟಬಾರದು ಅಂತ ಆಗ ನಿಯಮ ಇತ್ತು. ಡುಕಾಟಿ ಇಟ್ಟ ಬೆಲೆ ಎಷ್ಟು? 39,900 ಯೂರೋ. ನಮ್ಮ ಬಾಟಾ ಅಂಗಡಿಯ ಬೆಲೆ ಚೀಟಿ ನೆನಪಾಗುತ್ತೆ.

2019ರಲ್ಲಿ ಆ ಬೈಕಿನ ಮೇಲೆ ಆಲ್ವರೊ ಬಾಟಿಸ್ಟಾ ಮೊದಲ ಹನ್ನೊಂದು ರೇಸನ್ನೂ ಗೆದ್ದ. ಒಂದಾದ ಮೇಲೆ ಒಂದು, ಹನ್ನೊಂದು. ಎಲ್ಲರೂ ಕಥೆ ಮುಗೀತು ಅಂದ್ರು. ವರ್ಷದ ಕೊನೆಗೆ ಚಾಂಪಿಯನ್ ಆಗಿದ್ದು ಮಾತ್ರ ಜೊನಾಥನ್ ರೇ, ಅವನಿಗಿದ್ದಿದ್ದು ಅದಕ್ಕಿಂತ ಕಡಿಮೆ ಬೆಲೆಯ ಕವಾಸಕಿ. ಬಾಟಿಸ್ಟಾ ಆಮೇಲೆ ಬಿದ್ದ, ತಪ್ಪು ಮಾಡಿದ. ರೇ ಪ್ರತಿ ರೇಸಿನಲ್ಲೂ ಪಾಯಿಂಟ್ ಕೂಡಿಸಿಕೊಂಡು ಹೋದ.

ಬೆಲೆಗೂ ತಾಕತ್ತಿಗೂ ಸಂಬಂಧವೇ ಕಡಿದುಹೋದ ಬೈಕು ಬೇಕು ಅಂದ್ರೆ 1992ಕ್ಕೆ ಹೋಗಬೇಕು. ಮತ್ತೆ ಹೋಂಡಾ. ಬೈಕಿನ ಹೆಸರು ಎನ್‌ಆರ್. ಇದರ ಪಿಸ್ಟನ್ ಉರುಟಾಗಿಲ್ಲ, ಉದ್ದಕ್ಕೆ ಹಿಗ್ಗಿಸಿದ ಮೊಟ್ಟೆಯಾಕಾರ. ಒಂದೊಂದು ಪಿಸ್ಟನ್ನಿಗೆ ಎರಡೆರಡು ಕನೆಕ್ಟಿಂಗ್ ರಾಡ್, ಒಂದೊಂದು ಸಿಲಿಂಡರಿಗೆ ಎಂಟೆಂಟು ವಾಲ್ವ್. ನಾಲ್ಕು ಸಿಲಿಂಡರಿಗೆ ಮೂವತ್ತೆರಡು ವಾಲ್ವ್! ಹುಚ್ಚಲ್ಲ ಇದು. ಎಪ್ಪತ್ತರ ದಶಕದ ಕೊನೆಯಲ್ಲಿ ರೇಸ್ ನಿಯಮ ನಾಲ್ಕು ಸಿಲಿಂಡರ್ ಮಾತ್ರ ಅಂದಾಗ, ಎಂಟು ಸಿಲಿಂಡರನ್ನು ಎರಡೆರಡಾಗಿ ಬೆಸೆದು ನಾಲ್ಕು ಅಂತ ಲೆಕ್ಕ ತೋರಿಸಿದ ಜಾಣತನ. ಆ ರೇಸ್ ಬೈಕು ಒಂದೂ ಗ್ರ್ಯಾನ್ ಪ್ರಿ ಗೆಲ್ಲಲಿಲ್ಲ. ಆದರೂ ಹೋಂಡಾ ಅದೇ ವಿದ್ಯೆಯಿಂದ ರಸ್ತೆಯ ಬೈಕು ಮಾಡಿ 50 ಸಾವಿರ ಡಾಲರ್ ಬೆಲೆ ಇಟ್ಟಿತು. ಶಕ್ತಿ 125 ಹಾರ್ಸ್ ಪವರ್, ತೂಕ 220 ಕೆ.ಜಿ. ಮೇಲೆ. ಅದೇ ವರ್ಷ ಅದೇ ಹೋಂಡಾ ತಡಾವೊ ಬಾಬಾ ಎಂಬ ಇಂಜಿನಿಯರ್ ರೂಪಿಸಿದ ಮೊದಲ ಫೈರ್‌ಬ್ಲೇಡ್ ತಂದಿತು. ಶಕ್ತಿ ಹೆಚ್ಚುಕಡಿಮೆ ಅಷ್ಟೇ, ತೂಕ 185 ಕೆ.ಜಿ., ಬೆಲೆ ಐದನೇ ಒಂದು ಪಾಲು. ಒಂದೇ ಮನೆಯ ತಮ್ಮ ಅಣ್ಣನನ್ನು ಹಿಂದೆ ಹಾಕಿ ಹೋದ.

ಈಗ ಕೇಳಿ ಮಜಾ. ಆ ನಿಧಾನದ, ಭಾರದ ಎನ್‌ಆರ್ ಇವತ್ತು ಹರಾಜಿಗೆ ಬಂದ್ರೆ ಅವತ್ತಿನ ಬೆಲೆಗಿಂತ ಹೆಚ್ಚಿಗೆ ಹೋಗುತ್ತೆ. ಕೋಟಿ ಕೊಟ್ಟು ಅಪರೂಪದ ಬೈಕು ತಗೊಂಡವನು ದುಡ್ಡು ಕಳೆದುಕೊಂಡಿಲ್ಲ. ಅದು ಅವನಿಗೆ ಸೈಟ್ ಇದ್ದ ಹಾಗೆ, ಮುಸುಕು ಹಾಕಿ ಇಟ್ಟಿದ್ದಾನೆ. ದುಡ್ಡು ಕಳೆದುಕೊಳ್ಳೋದು ಅದರ ಆಸೆಯಲ್ಲಿ ಹದಿನೈದು-ಇಪ್ಪತ್ತು ಲಕ್ಷ ಸಾಲ ಮಾಡಿ, ಸಾವಿರಗಟ್ಟಲೆ ತಯಾರಾಗುವ ಬೈಕು ತಗೊಂಡವನು. ಶೋರೂಂ ಗೇಟು ದಾಟಿದ ದಿನದಿಂದ ಅದರ ಬೆಲೆ ಇಳಿಯೋಕೆ ಶುರು.

ಇಲ್ಲಿಂದ ನಮ್ಮ ಊರಿನ ಲೆಕ್ಕ. ಹೊರದೇಶದಿಂದ ಪೂರ್ತಿ ತಯಾರಾಗಿ ಬರುವ, ಬಂದರಿನಲ್ಲಿ 10 ಲಕ್ಷ ಬೆಲೆಯ, ಸಾವಿರ ಸಿಸಿ ಬೈಕು ಅಂದುಕೊಳ್ಳಿ. 2025ರ ಬಜೆಟ್‌ವರೆಗೆ ಅದಕ್ಕೆ ಕಸ್ಟಮ್ಸ್ ಸುಂಕ 50 ಪರ್ಸೆಂಟ್ ಇತ್ತು. 15 ಲಕ್ಷ ಆಯ್ತು. ಅದರ ಮೇಲೆ ಜಿಎಸ್‌ಟಿ 28, ಸೆಸ್ 3. ಒಟ್ಟು 19 ಲಕ್ಷ 65 ಸಾವಿರ. ಬಜೆಟ್‌ನಲ್ಲಿ ಸುಂಕವನ್ನು 40ಕ್ಕೆ ಇಳಿಸಿದ್ರು. ಬೈಕ್ ಪ್ರಿಯರು ಸ್ವೀಟ್ ಹಂಚಿದ್ರು. ಅದೇ ವರ್ಷ ಸೆಪ್ಟೆಂಬರ್ 22ರಿಂದ 350 ಸಿಸಿ ಮೇಲಿನ ಬೈಕಿಗೆ ಜಿಎಸ್‌ಟಿ 40 ಪರ್ಸೆಂಟ್ ಆಯ್ತು. ಈಗ ಲೆಕ್ಕ ಹಾಕಿ. 10 ಲಕ್ಷಕ್ಕೆ 40 ಸೇರಿಸಿ 14. ಅದಕ್ಕೆ 40 ಸೇರಿಸಿ 19 ಲಕ್ಷ 60 ಸಾವಿರ. ಉಳಿತಾಯ ಐದು ಸಾವಿರ ರೂಪಾಯಿ! ಬಲಗೈಲಿ ಕೊಟ್ಟು ಎಡಗೈಲಿ ಕಿತ್ಕೊಳ್ಳೋದಕ್ಕೆ ಇದಕ್ಕಿಂತ ನಿಖರವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನೂ ಮುಗಿದಿಲ್ಲ. ಕರ್ನಾಟಕದಲ್ಲಿ ರಿಜಿಸ್ಟರ್ ಮಾಡಿಸಿದ್ರೆ ರೋಡ್ ಟ್ಯಾಕ್ಸ್ 18 ಪರ್ಸೆಂಟ್, ಅದರ ಮೇಲೆ ಸೆಸ್ ಬೇರೆ. ಸೆಸ್ ಬಿಟ್ಟೇ 23 ಲಕ್ಷ ದಾಟಿತು. ಡೀಲರ್ ಲಾಭ, ಇನ್ಶೂರೆನ್ಸ್ ಇನ್ನೂ ಸೇರಿಸಿಲ್ಲ. 10 ಲಕ್ಷ ಬೈಕಿಗೆ, 13 ಲಕ್ಷ ಸರ್ಕಾರಗಳಿಗೆ. ಬೆಂಗಳೂರಿನ ದುಬಾರಿ ಗಾಡಿಗಳಲ್ಲಿ ಪುದುಚೇರಿ ನಂಬರ್ ಯಾಕೆ ಕಾಣುತ್ತೆ ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ಬಿಡಿಭಾಗವಾಗಿ ತಂದು ಇಲ್ಲೇ ಜೋಡಿಸಿದ್ರೆ ಸುಂಕ ತುಂಬಾ ಕಡಿಮೆ. 2018ರಲ್ಲಿ ಕವಾಸಕಿ ಪುಣೆ ಹತ್ತಿರದ ಚಾಕಣದಲ್ಲಿ ಝಡ್‌ಎಕ್ಸ್-10ಆರ್ ಜೋಡಿಸೋಕೆ ಶುರು ಮಾಡಿದಾಗ ಬೆಲೆ 12.80 ಲಕ್ಷಕ್ಕೆ ಇಳಿಯಿತು. ಅದೇ ಶಕ್ತಿಯ ಡುಕಾಟಿ ಆಗ ಇಪ್ಪತ್ತು ಲಕ್ಷದ ಮೇಲೆ. ವ್ಯತ್ಯಾಸದಲ್ಲಿ ಎಷ್ಟು ಇಂಜಿನಿಯರಿಂಗ್, ಎಷ್ಟು ತೆರಿಗೆ ಅಂತ ಶೋರೂಂನಲ್ಲಿ ಯಾರೂ ಬಿಡಿಸಿ ಹೇಳಲ್ಲ. ಹಯಬೂಸ ಕೂಡ ಇಲ್ಲೇ ಜೋಡಣೆ ಆಗುತ್ತೆ. ಹಾಗಾಗಿಯೇ 2021ರಲ್ಲಿ 16.40 ಲಕ್ಷಕ್ಕೆ ಬಂತು.

ಇಷ್ಟೆಲ್ಲ ಕೊಟ್ಟು ಮನೆಗೆ ತಂದಿರಿ. ಎಲ್ಲಿ ಓಡಿಸ್ತೀರಿ? ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಅಧಿಸೂಚನೆ ಪ್ರಕಾರ ದ್ವಿಚಕ್ರ ವಾಹನಕ್ಕೆ ನಾಲ್ಕು ಪಥದ ಹೆದ್ದಾರಿಯಲ್ಲೂ ಗರಿಷ್ಠ ವೇಗ 80. ಈ ಬೈಕುಗಳು ಮೊದಲ ಗೇರಿನಲ್ಲೇ 140 ದಾಟ್ತಾವೆ. ಅಂದ್ರೆ ಕಾನೂನು ಪಾಲಿಸಿದ್ರೆ ಉಳಿದ ಐದು ಗೇರು ಪೆಟ್ಟಿಗೆಯಲ್ಲಿ ಹೊಸದಾಗಿಯೇ ಇರುತ್ತವೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ? 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕಿಗೆ ಪ್ರವೇಶವೇ ಇಲ್ಲ. ಇಪ್ಪತ್ಮೂರು ಲಕ್ಷದ ಬೈಕೂ ಆಟೋ, ಟ್ರ್ಯಾಕ್ಟರ್ ಜೊತೆ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಸರಿಯಾದ ರೇಸ್ ಟ್ರ್ಯಾಕ್ ಬೇಕು ಅಂದ್ರೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೋ ಕೊಯಮತ್ತೂರಿಗೋ ಹೋಗಬೇಕು. 13 ಲಕ್ಷ ತೆರಿಗೆ ಕಟ್ಟಿಸಿಕೊಂಡವರು ಒಂದು ಮಾತನ್ನು ಮಾತ್ರ ಕೇಳಲ್ಲ: ನಿನಗೆ ಇದನ್ನು ಓಡಿಸೋಕೆ ಬರುತ್ತಾ? ಆರ್‌ಟಿಓ ಮೈದಾನದಲ್ಲಿ ನೂರು ಸಿಸಿ ಬೈಕಿನಲ್ಲಿ ಎಂಟು ಹಾಕಿ ತೋರಿಸಿದ ಹದಿನೆಂಟರ ಹುಡುಗ, ಮರುದಿನ ಅದೇ ಲೈಸೆನ್ಸ್ ಇಟ್ಕೊಂಡು ಇನ್ನೂರು ಹಾರ್ಸ್ ಪವರ್ ಮೇಲೆ ಕೂರಬಹುದು. ಯುರೋಪಿನಲ್ಲಿ ಹಾಗಿಲ್ಲ, ಚಿಕ್ಕ ವಯಸ್ಸಿನವರಿಗೆ ಮೊದಲು ಸುಮಾರು 47 ಹಾರ್ಸ್ ಪವರ್ ತನಕ ಮಾತ್ರ, ಎರಡು ವರ್ಷ ಅದರಲ್ಲಿ ಪಳಗಿದ ಮೇಲೆ ದೊಡ್ಡದು. ಈ ಬೈಕುಗಳು ಹುಟ್ಟುವ ಜಪಾನಿನಲ್ಲಿ 400 ಸಿಸಿ ದಾಟಿದ್ರೆ ಬೇರೆಯದೇ ಲೈಸೆನ್ಸು.

ಇದನ್ನು ಯಾಕೆ ಹೇಳ್ತಿದ್ದೀನಿ ಅಂದ್ರೆ, ಹೋದ ವಾರ ಚನ್ನಗಿರಿ ಕಡೆಯ ಒಬ್ಬ ವೀಕ್ಷಕರು ವಾಟ್ಸಾಪ್ ಮಾಡಿದ್ರು. ಅಡಿಕೆ ತೋಟ ಇದೆ. ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ. “ಸರ್, ನೀವೂ ಇಂಜಿನಿಯರಿಂಗ್ ಓದಿದವರು ಅಂತ ಕೇಳ್ತಿದ್ದೀನಿ. ಸೆಕೆಂಡ್ ಹ್ಯಾಂಡ್ ಹಯಬೂಸ ಒಂಬತ್ತು ಲಕ್ಷಕ್ಕೆ ಬರ್ತಿದೆಯಂತೆ. ಹೊಸದರ ಅರ್ಧ ಬೆಲೆ. ಲಾಭ ಅಲ್ವಾ? ಕೊಡಿಸಲಾ?”

ಯಜಮಾನರೇ, ಬೈಕಿನ ಬೆಲೆ ಅರ್ಧ ಆಗಿದೆ, ನಿಜ. ಬೇರೆ ಏನೂ ಅರ್ಧ ಆಗಿಲ್ಲ. ಟಯರ್ ಜೋಡಿಗೆ ಇವತ್ತಿಗೂ ನಲವತ್ತು ಸಾವಿರದ ಆಸುಪಾಸು, ಮತ್ತು ಮಾಮೂಲಿ ಬೈಕಿನ ಟಯರಿನ ಹಾಗೆ ವರ್ಷಗಟ್ಟಲೆ ಬರಲ್ಲ. ಇನ್ನೊಂದು ಮುಖ್ಯ ವಿಷಯ. 2021ಕ್ಕೂ ಮೊದಲಿನ ಹಯಬೂಸಕ್ಕೆ 197 ಹಾರ್ಸ್ ಪವರ್, ಹೊಸದಕ್ಕೆ 190. ಹಳೆಯದೇ ಕಾಗದದ ಮೇಲೆ ಜೋರು. ಆದರೆ ಹಿಂದಿನ ಚಕ್ರ ಜಾರಿದಾಗ ಶಕ್ತಿ ತಗ್ಗಿಸುವ ಟ್ರಾಕ್ಷನ್ ಕಂಟ್ರೋಲ್ ಹಳೆಯದರಲ್ಲಿ ಇಲ್ಲ. ಇನ್ನೂ ಹಳೇ ಬೈಕಾದ್ರೆ ಎಬಿಎಸ್ ಕೂಡ ಇರಲ್ಲ. ಒಂಬತ್ತು ಲಕ್ಷ ಉಳಿಯುತ್ತೆ ಅಂತೀರಲ್ಲ, ಉಳಿಯೋದು ಹೆಚ್ಚಾಗಿ ಇವುಗಳ ಜಾಗದಲ್ಲಿ. ಮಳೆ ಬಿದ್ದ ರಸ್ತೆ, ಮರಳು ಚೆಲ್ಲಿದ ತಿರುವು, ಇನ್ನೂರು ಹಾರ್ಸ್ ಪವರ್, ನಡುವೆ ನಿಮ್ಮ ಮಗನ ಬಲಗೈ ಮಾತ್ರ.

2023ರ ಮೇ ತಿಂಗಳಲ್ಲಿ ಡೆಹ್ರಾಡೂನ್‌ನ ಒಬ್ಬ ಯುವ ಯೂಟ್ಯೂಬರ್ ಯಮುನಾ ಎಕ್ಸ್‌ಪ್ರೆಸ್‌ವೇನಲ್ಲಿ ಝಡ್‌ಎಕ್ಸ್-10ಆರ್ ಓಡಿಸುತ್ತಾ 300 ಮುಟ್ಟೋಕೆ ಹೋಗಿ ಪ್ರಾಣ ಬಿಟ್ಟ. ಆ ಸುದ್ದಿ ನಾವೂ ಓದಿದ್ವಿ. 300ರ ವೇಗದಲ್ಲಿ ಒಂದು ಸೆಕೆಂಡಿಗೆ 83 ಮೀಟರ್. ಮುಂದೆ ಏನೋ ಇದೆ ಅಂತ ಕಣ್ಣಿಗೆ ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಆ 83 ಮೀಟರ್ ಮುಗೀತು. ಆಮೇಲೆ ಎಷ್ಟೇ ಒಳ್ಳೇ ಬ್ರೇಕಾದ್ರೂ ನಿಲ್ಲೋಕೆ ಸುಮಾರು 350 ಮೀಟರ್ ಬೇಕು, ಯಾಕಂದ್ರೆ ಮೊದಲು ಹೇಳಿದ ಅದೇ ಮಿತಿ ಬ್ರೇಕಿಗೂ ಇದೆ. ಜೋರಾಗಿ ಹಿಡಿದ್ರೆ ಈ ಸಲ ಹಿಂದಿನ ಚಕ್ರ ಏಳುತ್ತೆ. ಒಟ್ಟು ದೂರ ಚಿನ್ನಸ್ವಾಮಿ ಮೈದಾನವನ್ನು ಬೌಂಡರಿಯಿಂದ ಬೌಂಡರಿಗೆ ಮೂರು ಸಲ ದಾಟಿದ್ದಕ್ಕಿಂತ ಜಾಸ್ತಿ. 80ರ ವೇಗದಲ್ಲಾದ್ರೆ ಅದೇ ಬ್ರೇಕಿಗೆ 25 ಮೀಟರ್ ಸಾಕು.

ಬೇಡ ಅಂತ ಹೇಳೋದು ಸುಲಭ. ಆದರೆ ಆ ವಯಸ್ಸಿನ ಆಸೆ ಎಂಥದ್ದು ಅಂತ ನನಗೆ ಗೊತ್ತು. ಹಾಸ್ಟೆಲ್ ಗೋಡೆ ಮೇಲೆ ಧೂಮ್ ಸಿನಿಮಾ ಬೈಕಿನ ಚಿತ್ರ ಅಂಟಿಸಿಕೊಂಡ ತಲೆಮಾರು ನಮ್ಮದು. ಯಜಮಾನರು ನಿನ್ನೆ ಮತ್ತೆ ಮೆಸೇಜ್ ಮಾಡಿದ್ದಾರೆ, ಮಗನೂ ಇವತ್ತು ಕಾರ್ಯಕ್ರಮ ನೋಡ್ತಾನಂತೆ. ಹಾಗಾಗಿ ಉಳಿದ ಮಾತು ಅವನಿಗೇ.

ನೋಡಪ್ಪ, ಆ ಒಂಬತ್ತು ಲಕ್ಷದಲ್ಲಿ ಮೂರು ಲಕ್ಷದ ಆಸುಪಾಸಿಗೆ ಎಬಿಎಸ್ ಇರುವ, ನಲವತ್ತು ಹಾರ್ಸ್ ಪವರಿನ ಹೊಸ ಬೈಕು ಬರುತ್ತೆ. ನಮ್ಮ ರಸ್ತೆಯಲ್ಲಿ ಅದು ಯಾರಿಗೂ ಕಡಿಮೆ ಬೀಳಲ್ಲ. ಒಳ್ಳೇ ಹೆಲ್ಮೆಟ್, ಜಾಕೆಟ್, ಗ್ಲೌಸ್, ಬೂಟ್ ತಗೋ. ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್‌ನವರು ಹಲವು ವರ್ಷ ಚೆನ್ನೈ ಟ್ರ್ಯಾಕಿಗೆ ಬಂದು ಕಲಿಸಿದ್ದಾರೆ. ಅಂಥ ತರಬೇತಿ ಹುಡುಕಿ ಸೇರಿಕೋ. ಇಷ್ಟೂ ಆದ ಮೇಲೂ ಅಪ್ಪನ ಕೈಯಲ್ಲಿ ಅರ್ಧದಷ್ಟು ದುಡ್ಡು ಉಳಿದಿರುತ್ತೆ.

ಇಲ್ಲ, ಹಯಬೂಸವೇ ಬೇಕು ಅಂತಿದ್ರೆ, ನೀನು ನೋಡಿ ಬಂದಿರುವ ಬೈಕಿನ ಹತ್ತಿರ ನಾಳೆ ಇನ್ನೊಂದು ಸಲ ಹೋಗು. ಅದು ಬೇರೆ ರಾಜ್ಯದ ನಂಬರ್ ಆಗಿದ್ರೆ ಇಲ್ಲಿನ ರೋಡ್ ಟ್ಯಾಕ್ಸ್ ಯಾರು ಕಟ್ಟೋದು ಅಂತ ಮೊದಲು ಕೇಳು. ಆಮೇಲೆ ಹಿಂದಿನ ಟಯರಿನ ಪಕ್ಕ ಬಗ್ಗಿ ನೋಡು. ಸಣ್ಣ ಚೌಕದೊಳಗೆ ನಾಲ್ಕು ಅಂಕಿ ಇರುತ್ತೆ. 2216 ಅಂತಿದ್ರೆ ಅದು 2016ನೇ ಇಸವಿಯ 22ನೇ ವಾರ ತಯಾರಾದ ಟಯರು. ಹೊರಗೆ ಎಷ್ಟೇ ಪಾಲಿಶ್ ಹೊಡೆದಿದ್ರೂ ಒಳಗಿನ ರಬ್ಬರು ಕಲ್ಲಾಗಿರುತ್ತೆ. ಆ ನಾಲ್ಕು ಅಂಕಿಯ ಫೋಟೋ ತೆಗೆದು ಅಪ್ಪನಿಗೆ ಕಳಿಸು. ಅವರು ನನಗೆ ಕಳಿಸ್ತಾರೆ.